ವಿಪತ್ತಿನ ಮುನ್ನ, ನಡುವೆ ಮತ್ತು ಅನಂತರ: ಮನೋವೈದ್ಯರು ಮಾಡಬೇಕಾದ ಕೆಲಸಗಳು

ಭೂಕಂಪ, ಪ್ರವಾಹ, ಚಂಡಮಾರುತ ಅಥವಾ ಕಾರ್ಖಾನೆಯ ಅವಘಡ ಸಂಭವಿಸಿದ ಮರುದಿನ ಮನೋವೈದ್ಯರನ್ನು ಕರೆಸಿಕೊಳ್ಳುವವರು ಸಾಮಾನ್ಯವಾಗಿ ಅವರಿಂದ ಒಂದೇ ಕೆಲಸವನ್ನು ನಿರೀಕ್ಷಿಸುತ್ತಾರೆ: ಬದುಕುಳಿದವರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸುವುದು, ಅವರ ದುಃಖವನ್ನು ಹೊರಹಾಕಿಸಿ ಧೈರ್ಯ ಹೇಳುವುದು. ಧೈರ್ಯ ಹೇಳುವ ಕೆಲಸವನ್ನು ತರಬೇತಿ ಪಡೆದ ಸ್ವಯಂಸೇವಕರು, ಶಿಕ್ಷಕರು, ದಾದಿಯರು ಮತ್ತು ನೆರೆಹೊರೆಯವರು ಮನೋವೈದ್ಯರಷ್ಟೇ ಚೆನ್ನಾಗಿ ಮಾಡಬಲ್ಲರು, ಎಷ್ಟೋ ಸಲ ಅವರಿಗಿಂತಲೂ ಚೆನ್ನಾಗಿ. ಮಾತ್ರೆ ತಪ್ಪಿದ ಸ್ಕಿಜೋಫ್ರೀನಿಯಾ ರೋಗಿಯನ್ನು ಗುಂಪಿನಲ್ಲಿ ಗುರುತಿಸುವುದು, ಆಘಾತಕ್ಕೂ, ದೇಹದ ತೊಂದರೆಯಿಂದ ಪ್ರಜ್ಞೆ ಗೊಂದಲಗೊಳ್ಳುವ ಸನ್ನಿಗೂ ಇರುವ ವ್ಯತ್ಯಾಸವನ್ನು ಹೇಳುವುದು, ಶವಗಳನ್ನು ಅವಸರದಲ್ಲಿ ಒಟ್ಟಿಗೆ ಹೂಳಬಾರದೆಂದು ಆಡಳಿತಕ್ಕೆ ಕಾರಣಸಹಿತ ವಿವರಿಸುವುದು, ಇವು ಮಾತ್ರ ಮನೋವೈದ್ಯರಿಲ್ಲದಿದ್ದರೆ ಬಹುಮಟ್ಟಿಗೆ ಹಾಗೆಯೇ ಉಳಿದುಬಿಡುತ್ತವೆ. ಈ ಮಾರ್ಗದರ್ಶಿಯನ್ನು ಮನೋವೈದ್ಯರಿಗಾಗಿ ಮಾತ್ರವಲ್ಲದೆ, ಅವರ ಜೊತೆ ಕೆಲಸ ಮಾಡಬೇಕಾದ ಸಾಮಾನ್ಯ ವೈದ್ಯರು, ವಿಪತ್ತು ನಿರ್ವಹಣೆಯ ಅಧಿಕಾರಿಗಳು ಮತ್ತು ಸ್ವಯಂಸೇವಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ.

ಮೊದಲು ಅಳತೆ ತಿಳಿದಿರಲಿ

ಎಷ್ಟು ಜನರಿಗೆ ಯಾವ ನೆರವು ಬೇಕಾಗಬಹುದು ಎಂಬ ಅಂದಾಜಿಲ್ಲದೆ ಯೋಜನೆ ಮಾಡಲಾಗದು. ದುರಂತದ ಮೊದಲ ದಿನಗಳಲ್ಲಿ ನಿದ್ರೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಕಂಡದ್ದೇ ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ಕಾರಣವಿಲ್ಲದೆ ಸಿಡುಕುವುದು ಬಹುತೇಕ ಎಲ್ಲರಲ್ಲೂ ಕಾಣುತ್ತವೆ. ಇವು ರೋಗವಲ್ಲ, ಮತ್ತು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸಂಘರ್ಷಪೀಡಿತ ಪ್ರದೇಶಗಳಲ್ಲಿ ಯಾವುದೇ ಹೊತ್ತಿನಲ್ಲಿ ಶೇ. 22ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇರುತ್ತದೆ. ತೀವ್ರ ಸ್ವರೂಪದ ಕಾಯಿಲೆ ಇರುವವರು ಶೇ. 5ರಷ್ಟು. ಯುದ್ಧದ ಲೆಕ್ಕವನ್ನು ಪ್ರವಾಹಕ್ಕೆ ಹಾಗೆಯೇ ಅನ್ವಯಿಸುವುದು ಸರಿಯಲ್ಲವಾದರೂ, ತೀವ್ರ ತೊಂದರೆಯವರು ಸಣ್ಣ ಪಾಲು, ಉಳಿದವರು ದೊಡ್ಡ ಪಾಲು ಎಂಬ ಅನುಪಾತವನ್ನು ಮರೆಯದಿದ್ದರೆ ಕೈಯಲ್ಲಿರುವ ಬೆರಳೆಣಿಕೆಯ ತಜ್ಞರನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಸ್ಪಷ್ಟವಾಗುತ್ತದೆ.

ಹಲವು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ 2007ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನೇ ನಾಲ್ಕು ಪದರಗಳ ಪಿರಮಿಡ್ಡಾಗಿ ಚಿತ್ರಿಸುತ್ತದೆ. ಬುಡದಲ್ಲಿ ಅನ್ನ, ನೀರು, ವಸತಿ, ಭದ್ರತೆ. ಅದರ ಮೇಲೆ ಕುಟುಂಬ ಮತ್ತು ಸಮುದಾಯದ ಆಸರೆ. ಅದರ ಮೇಲೆ ತಜ್ಞರಲ್ಲದವರು ಕೊಡಬಲ್ಲ ನಿರ್ದಿಷ್ಟ ನೆರವು. ತುದಿಯಲ್ಲಿ ತಜ್ಞ ಚಿಕಿತ್ಸೆ. ರೋಗಿಗಳನ್ನು ನೋಡುವ ಮನೋವೈದ್ಯರ ಜಾಗ ತುದಿಯಲ್ಲಿರುವುದು ನಿಜ. ಸಲಹೆ ಕೊಡುವ ಮನೋವೈದ್ಯರ ಕೆಲಸ ಬುಡದವರೆಗೂ ಇದೆ ಎಂಬುದನ್ನು ಮುಂದಿನ ಹಂತಗಳಲ್ಲಿ ಕಾಣಬಹುದು.

ಮೊದಲ ಹಂತ: ವಿಪತ್ತು ಬರುವ ಮುಂಚೆ

ಬಾಯಾರಿದಾಗ ಬಾವಿ ತೋಡುವ ಅಭ್ಯಾಸ ಈ ಕ್ಷೇತ್ರದಲ್ಲಿ ಹಳೆಯದು. 1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತವಾದಾಗ ಆರಂಭದ ವೈದ್ಯಕೀಯ ನೆರವಿನಲ್ಲಿ ಮಾನಸಿಕ ಆರೋಗ್ಯಕ್ಕೆ ಸ್ಥಾನವಿರಲಿಲ್ಲ. ವಾರಗಳು ಕಳೆದ ಮೇಲೆ ಮನೋವೈದ್ಯರು ಅಲ್ಲಿಗೆ ಹೋಗಿ, ತಾವೇ ಎಲ್ಲರನ್ನೂ ನೋಡಲಾಗದೆಂದು ಅರಿತು, ಅನಿಲಪೀಡಿತರಿಗೆ ಚಿಕಿತ್ಸೆ ಕೊಡುತ್ತಿದ್ದ ಸಾಮಾನ್ಯ ವೈದ್ಯಾಧಿಕಾರಿಗಳಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಟ್ಟರು. ಆ ತರಬೇತಿ ದುರಂತಕ್ಕೆ ಮುಂಚೆಯೇ ಆಗಿರಬೇಕು ಎಂಬುದು ಮೊದಲ ಹಂತದ ಸಾರ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಖಿನ್ನತೆ, ಮನೋವಿಕಲತೆ (ಭ್ರಮೆ, ಭ್ರಾಂತಿಗಳಿರುವ ತೀವ್ರ ಮನೋರೋಗ; ಸ್ಕಿಜೋಫ್ರೀನಿಯಾ ಇದರಲ್ಲೊಂದು), ಮೂರ್ಛೆರೋಗ, ಸನ್ನಿ, ಮದ್ಯ ನಿಲ್ಲಿಸಿದಾಗ ಬರುವ ತೊಂದರೆ ಮತ್ತು ಆತ್ಮಹತ್ಯೆಯ ಅಪಾಯ, ಇಷ್ಟನ್ನು ಗುರುತಿಸಿ ಆರಂಭಿಕ ಚಿಕಿತ್ಸೆ ಕೊಡಬಲ್ಲವರಾಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದು ಔಷಧಿಯ ಪೆಟ್ಟಿಗೆ. ತುರ್ತು ದಾಸ್ತಾನಿನಲ್ಲಿ ಜ್ವರ, ಭೇದಿ, ಗಾಯಗಳ ಔಷಧಿಗಳಿರುತ್ತವೆ; ಮನೋರೋಗದ ಔಷಧಿಗಳು ಪಟ್ಟಿಯ ಕೊನೆಗೆ ಸರಿದು ಅಲ್ಲಿಂದ ಬಿದ್ದುಹೋಗುತ್ತವೆ. ಮನೋವಿಕಲತೆಗೆ ಹ್ಯಾಲೊಪೆರಿಡಾಲ್, ಅದರ ಅಡ್ಡಪರಿಣಾಮಕ್ಕೆ ಬೈಪೆರಿಡೆನ್ ಅಥವಾ ಅಂಥದ್ದೊಂದು, ಖಿನ್ನತೆಗೆ ಫ್ಲುಆಕ್ಸೆಟಿನ್, ಮೂರ್ಛೆರೋಗಕ್ಕೆ ಕಾರ್ಬಮಾಜೆಪಿನ್, ಶಾಮಕ ಔಷಧಿಯಾದ ಡಯಾಜೆಪಾಮ್ ಮತ್ತು ಥಯಾಮಿನ್ (ವಿಟಮಿನ್ ಬಿ1) ಚುಚ್ಚುಮದ್ದು ಇದ್ದರೆ ಮೊದಲ ವಾರವನ್ನು ದಾಟಿಸಬಹುದು. ಪೆಟ್ಟಿಗೆಯ ಮುಚ್ಚಳದ ಒಳಗೆ ಎರಡು ಎಚ್ಚರಿಕೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿಡಬೇಕೆಂಬುದು ನನ್ನ ಸಲಹೆ. ಒಂದು: ಸ್ಕಿಜೋಫ್ರೀನಿಯಾಕ್ಕೆಂದು ಕ್ಲೊಜಪಿನ್ ಸೇವಿಸುತ್ತಿದ್ದವರು 48 ಗಂಟೆಗಿಂತ ಹೆಚ್ಚು ಕಾಲ ಅದನ್ನು ಬಿಟ್ಟಿದ್ದರೆ ಹಳೆಯ ಪ್ರಮಾಣವನ್ನು ನೇರವಾಗಿ ಕೊಡಬಾರದು, 12.5 ಮಿಲಿಗ್ರಾಂನಿಂದ ಮತ್ತೆ ಆರಂಭಿಸಿ ನಿಧಾನವಾಗಿ ಏರಿಸಬೇಕು. ಇನ್ನೊಂದು: ಬೈಪೋಲಾರ್ ಕಾಯಿಲೆಗೆಂದು ಲಿಥಿಯಂ ಸೇವಿಸುವವರ ದೇಹದಲ್ಲಿ ನೀರಿನಂಶ ಕಡಿಮೆಯಾದರೆ, ಅಥವಾ ಮೈಕೈನೋವಿಗೆಂದು ಐಬುಪ್ರೊಫೆನ್‌ನಂಥ ಮಾತ್ರೆ ಕೊಟ್ಟರೆ, ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು, ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಅದರ ಲಕ್ಷಣಗಳು.

ಮೂರನೆಯದು, ಒಳರೋಗಿಗಳಿರುವ ಮನೋರೋಗ ಆಸ್ಪತ್ರೆ, ವೃದ್ಧಾಶ್ರಮ ಮತ್ತು ಪುನರ್ವಸತಿ ಕೇಂದ್ರಗಳ ಸ್ಥಳಾಂತರದ ಯೋಜನೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಅವಘಡವಾದಾಗ ಸಮೀಪದ ಆಸ್ಪತ್ರೆಗಳಿಂದ ಅವಸರದಲ್ಲಿ ಸಾಗಿಸಲಾದ ವೃದ್ಧ ಮತ್ತು ಮನೋರೋಗಿಗಳಲ್ಲಿ ಹಲವರು ಸತ್ತರು. ಅವರನ್ನು ಕೊಂದದ್ದು ವಿಕಿರಣವಲ್ಲ. ಶುಶ್ರೂಷಕರಿಲ್ಲದ ಬಸ್ಸುಗಳಲ್ಲಿ ಗಂಟೆಗಟ್ಟಲೆ ಪ್ರಯಾಣ, ಚಳಿ, ನೀರು ಮತ್ತು ಔಷಧಿಯ ಕೊರತೆ. ಯಾವ ರೋಗಿಯನ್ನು ಯಾವ ವಾಹನದಲ್ಲಿ, ಯಾರ ಜೊತೆಯಲ್ಲಿ, ಯಾವ ಆಸ್ಪತ್ರೆಗೆ ಕಳುಹಿಸಬೇಕು, ಅವರ ಚೀಟಿ ಯಾರ ಕೈಯಲ್ಲಿರಬೇಕು ಎಂಬುದನ್ನು ಕಾಗದದ ಮೇಲೆ ಬರೆದಿಟ್ಟು, ವರ್ಷಕ್ಕೊಮ್ಮೆಯಾದರೂ ಅಣಕು ಕಾರ್ಯಾಚರಣೆಯಲ್ಲಿ ಪರೀಕ್ಷಿಸಬೇಕು.

ಬಿಸಿಗಾಳಿಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿದೆ, ಏಕೆಂದರೆ ಅದನ್ನು ವಿಪತ್ತೆಂದು ಎಣಿಸುವವರೇ ಕಡಿಮೆ. 2021ರ ಬೇಸಿಗೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಬಿಸಿಲಿನ ತಾಪಕ್ಕೆ 619 ಜನ ಬಲಿಯಾದರು. ಸತ್ತವರಲ್ಲಿ ಸ್ಕಿಜೋಫ್ರೀನಿಯಾ ಇದ್ದವರ ಪಾಲು ಒಟ್ಟು ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ಬಹಳ ಹೆಚ್ಚಾಗಿತ್ತು. ಮನೋವಿಕಲತೆಯ ಕೆಲವು ಔಷಧಿಗಳು ಬೆವರುವಿಕೆಯನ್ನೂ ದೇಹದ ತಾಪಮಾನದ ನಿಯಂತ್ರಣವನ್ನೂ ಕುಂದಿಸುತ್ತವೆ; ಅದರ ಜೊತೆಗೆ ಒಂಟಿ ವಾಸ, ಬಡತನ, ತನಗೆ ಏನಾಗುತ್ತಿದೆ ಎಂಬ ಅರಿವಿನ ಕೊರತೆ ಸೇರಿಕೊಳ್ಳುತ್ತವೆ. ಬೇಸಿಗೆಗೆ ಮುಂಚೆ ಇಂಥವರ ಪಟ್ಟಿ ಮಾಡಿ, ತಾಪ ಏರಿದ ದಿನ ಅವರ ಬಾಗಿಲು ತಟ್ಟಿ ಬರುವ ಒಬ್ಬರನ್ನು ನೇಮಿಸುವುದು ಯಾವ ಹೊಸ ಔಷಧಿಗಿಂತಲೂ ಹೆಚ್ಚು ಜೀವ ಉಳಿಸಬಲ್ಲದು.

ಮನುಷ್ಯರ ನಡವಳಿಕೆಯ ಕಡೆಯಿಂದ ವಿಪತ್ತನ್ನೇ ತಡೆಯುವುದು

ತಡೆಗಟ್ಟುವಿಕೆ ಎಂದರೆ ಅಣೆಕಟ್ಟು, ತಡೆಗೋಡೆ ಮಾತ್ರವಲ್ಲ. ಮುನ್ನೆಚ್ಚರಿಕೆ ಕೊಟ್ಟರೆ ಜನ ಗಾಬರಿಯಿಂದ ಕಾಲ್ತುಳಿತ ಮಾಡಿಕೊಳ್ಳುತ್ತಾರೆ ಎಂದು ಅಂಜಿ ಮಾಹಿತಿಯನ್ನು ತಡೆಹಿಡಿಯುವ ಅಧಿಕಾರಿಗಳು ಎಲ್ಲೆಡೆ ಇದ್ದಾರೆ. ದಶಕಗಳ ಅಧ್ಯಯನಗಳು ಹೇಳುವುದು ಬೇರೆ: ಎಚ್ಚರಿಕೆ ಕೇಳಿದ ಜನ ಓಡುವುದಕ್ಕಿಂತ ಹೆಚ್ಚಾಗಿ ತಡಮಾಡುತ್ತಾರೆ. ಹೊರಗೆ ಇಣುಕುತ್ತಾರೆ, ಪಕ್ಕದವರನ್ನು ವಿಚಾರಿಸುತ್ತಾರೆ, ಸಂಬಂಧಿಕರಿಗೆ ಕರೆಮಾಡುತ್ತಾರೆ, ಕಳೆದ ಸಲವೂ ಹೀಗೇ ಹೇಳಿದ್ದರು ಎನ್ನುತ್ತಾರೆ. ಹಾಗಾಗಿ ಎಚ್ಚರಿಕೆಯ ಸಂದೇಶ ಬರೆಯುವಾಗ ಅಪಾಯ ಯಾವುದು, ಯಾವ ಬೀದಿಯವರೆಗೆ, ಎಷ್ಟು ಗಂಟೆಯೊಳಗೆ, ಎಲ್ಲಿಗೆ, ಏನನ್ನು ತೆಗೆದುಕೊಂಡು ಹೋಗಬೇಕು ಎಂಬ ಐದೂ ಇರಲಿ, ಮತ್ತು ಅದೇ ಮಾತು ಜನ ನಂಬುವ ಒಂದಕ್ಕಿಂತ ಹೆಚ್ಚು ಬಾಯಿಗಳಿಂದ ಬರಲಿ. ‘ಎಚ್ಚರದಿಂದಿರಿ’ ಎಂಬ ಸಂದೇಶ ಯಾರನ್ನೂ ಮನೆಯಿಂದ ಎಬ್ಬಿಸಿದ್ದಿಲ್ಲ.

ವಿಮಾನ, ರೈಲು, ರಾಸಾಯನಿಕ ಕಾರ್ಖಾನೆ, ಅಣುಸ್ಥಾವರಗಳಲ್ಲಿ ದುಡಿಯುವವರ ಮಾನಸಿಕ ಆರೋಗ್ಯವೂ ಇದೇ ಹಂತಕ್ಕೆ ಸೇರಿದ್ದು. 2015ರ ಮಾರ್ಚಿನಲ್ಲಿ ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಪೈಲಟ್ ಉದ್ದೇಶಪೂರ್ವಕವಾಗಿ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದಾಗ ಅದರಲ್ಲಿದ್ದ 150 ಜನರೂ ಸತ್ತರು. ಆತ ತನ್ನ ಕಾಯಿಲೆಯನ್ನು ಸಂಸ್ಥೆಯಿಂದ ಮರೆಮಾಚಿದ್ದ. ಇದರಿಂದ ಮಾನಸಿಕ ಕಾಯಿಲೆ ಇರುವವರೆಲ್ಲ ಅಪಾಯಕಾರಿಗಳು ಎಂಬ ತೀರ್ಮಾನಕ್ಕೆ ಹಾರುವುದು ತಪ್ಪು ಮಾತ್ರವಲ್ಲ, ಹಾನಿಕರ: ಹೇಳಿಕೊಂಡರೆ ಕೆಲಸ ಹೋಗುತ್ತದೆ ಎಂಬ ಭಯವೇ ಮರೆಮಾಚುವಂತೆ ಮಾಡುತ್ತದೆ. ಆ ಘಟನೆಯ ಬಳಿಕ ಐರೋಪ್ಯ ಒಕ್ಕೂಟ ವಿಮಾನ ಸಂಸ್ಥೆಗಳು ಪೈಲಟ್‌ಗಳಿಗೆ ಸಹೋದ್ಯೋಗಿಗಳ ಮೂಲಕವೇ ನೆರವು ಸಿಗುವ ವ್ಯವಸ್ಥೆ ಹೊಂದಿರಬೇಕೆಂಬ ನಿಯಮ ತಂದಿತು. ಸಂಸ್ಥೆಗೆ ಸಲಹೆ ಕೊಡುವ ಮನೋವೈದ್ಯರು ಮೂರು ವಿಷಯಗಳನ್ನು ಲಿಖಿತವಾಗಿ ಪಡೆದುಕೊಳ್ಳಬೇಕು: ತಾನಾಗಿ ಹೇಳಿಕೊಂಡವರಿಗೆ ಚಿಕಿತ್ಸೆಯ ಬಳಿಕ ಕೆಲಸಕ್ಕೆ ಮರಳುವ ದಾರಿ, ಚಿಕಿತ್ಸೆಯ ಅವಧಿಯಲ್ಲಿ ಸಂಬಳದ ಭರವಸೆ, ಮತ್ತು ಇತರರ ಜೀವಕ್ಕೆ ಅಪಾಯವಿದ್ದಾಗ ಮಾತ್ರ ಗೌಪ್ಯತೆಯನ್ನು ಯಾರ ಮುಂದೆ, ಎಷ್ಟರ ಮಟ್ಟಿಗೆ ಸಡಿಲಿಸಬಹುದು ಎಂಬ ನಿಯಮ.

ಎರಡನೆಯ ಹಂತ: ಮೊದಲ ಮೂರು ದಿನಗಳು

ಈ ದಿನಗಳಲ್ಲಿ ಬೇಕಾಗುವುದು ಮಾನಸಿಕ ಪ್ರಥಮ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆಯೂ ಇತರ ಸಂಸ್ಥೆಗಳೂ ಸೇರಿ 2011ರಲ್ಲಿ ಹೊರತಂದ ಕೈಪಿಡಿ ಅದನ್ನು ನೋಡುವುದು, ಆಲಿಸುವುದು, ಜೋಡಿಸುವುದು ಎಂಬ ಮೂರು ಕ್ರಿಯೆಗಳಲ್ಲಿ ಹೇಳುತ್ತದೆ. ಸ್ವಯಂಸೇವಕರಿಗೆ ಕಲಿಸುವಾಗ ಒಂದೇ ಒಂದು ವಾಕ್ಯದ ವ್ಯತ್ಯಾಸದಿಂದ ಆರಂಭಿಸುವುದು ಒಳ್ಳೆಯದು. ಗೋಡೆಗೆ ಒರಗಿ ಕುಳಿತ ಹೆಂಗಸಿನ ಬಳಿ ಹೋಗಿ ‘ಏನಾಯಿತು, ಎಲ್ಲ ಹೇಳಿಬಿಡಿ ತಾಯಿ, ಮನಸ್ಸು ಹಗುರವಾಗುತ್ತದೆ’ ಎನ್ನಬಾರದು. ‘ಈಗ ನಿಮಗೆ ಮೊದಲು ಏನು ಬೇಕು?’ ಎಂದು ಕೇಳಬೇಕು. ಆಕೆ ನೀರು ಕೇಳಬಹುದು, ಮಗನ ಸುದ್ದಿ ಕೇಳಬಹುದು, ಸುಮ್ಮನೆ ತಲೆಯಾಡಿಸಬಹುದು. ನೀರು ತಂದುಕೊಡುವುದು, ನಾಪತ್ತೆಯಾದವರ ಪಟ್ಟಿ ಇರುವ ಮೇಜಿನವರೆಗೆ ಜೊತೆಯಲ್ಲಿ ನಡೆದುಹೋಗುವುದು, ಪಕ್ಕದಲ್ಲಿ ಮಾತಿಲ್ಲದೆ ಕುಳಿತಿರುವುದು, ಇವೇ ಆ ಹೊತ್ತಿನ ಚಿಕಿತ್ಸೆ.

ನಡೆದದ್ದನ್ನು ಬಿಡಿಬಿಡಿಯಾಗಿ ಒತ್ತಾಯದಿಂದ ಹೇಳಿಸುವ ಒಂದೇ ಬೈಠಕ್ಕಿನ ವಿಧಾನ ಒಂದು ಕಾಲಕ್ಕೆ ಬಹಳ ಜನಪ್ರಿಯವಾಗಿತ್ತು. ಅದರ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆ 2002ರಲ್ಲಿಯೇ, ಅದು ಆಘಾತೋತ್ತರ ಒತ್ತಡದ ಕಾಯಿಲೆಯನ್ನು (ಪಿಟಿಎಸ್‌ಡಿ) ತಡೆಯುವುದಿಲ್ಲ, ಕೆಲವರಲ್ಲಿ ಹೆಚ್ಚಿಸಲೂಬಹುದು ಎಂದು ತಿಳಿಸಿತು. ಆದರೂ ಪ್ರತಿ ದುರಂತದ ಬಳಿಕ ಯಾವುದಾದರೊಂದು ತಂಡ ಅದೇ ವಿಧಾನವನ್ನು ಹೊತ್ತು ಬರುತ್ತದೆ. ಅಂಥ ತಂಡವನ್ನು ನಯವಾಗಿ ಬೇರೆ ಕೆಲಸಕ್ಕೆ ಹಚ್ಚುವುದೂ ಸ್ಥಳದಲ್ಲಿರುವ ಮನೋವೈದ್ಯರ ಜವಾಬ್ದಾರಿಯೇ. ಅಳುವವರಿಗೂ ನಿದ್ರೆ ಬಾರದವರಿಗೂ ಸಾಲಾಗಿ ಡಯಾಜೆಪಾಮ್ ಹಂಚುವುದನ್ನೂ ನಿಲ್ಲಿಸಬೇಕು. ಆಘಾತದ ಮೊದಲ ತಿಂಗಳಲ್ಲಿ ಒತ್ತಡದ ಲಕ್ಷಣಗಳಿಗೆ ಈ ಗುಂಪಿನ ಮಾತ್ರೆಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಶವಗಳ ವಿಷಯದಲ್ಲಿ ಮನೋವೈದ್ಯರ ಮಾತಿಗೆ ತೂಕವಿರಬೇಕು. ಪ್ರಕೃತಿ ವಿಕೋಪದಲ್ಲಿ ಸತ್ತವರ ದೇಹಗಳಿಂದ ಸಾಂಕ್ರಾಮಿಕ ರೋಗ ಹರಡುತ್ತದೆಂಬ ಭಯ ಬಹುಮಟ್ಟಿಗೆ ಆಧಾರವಿಲ್ಲದ್ದು. ಆ ಭಯದಿಂದ ಗುರುತು ದಾಖಲಿಸದೆ ಒಟ್ಟಿಗೆ ಹೂತುಬಿಟ್ಟರೆ, ಉಳಿದವರು ವರ್ಷಗಟ್ಟಲೆ ಸತ್ತರೋ ಬದುಕಿದ್ದಾರೋ ಎಂಬ ತೂಗುಯ್ಯಾಲೆಯಲ್ಲಿ ಉಳಿಯುತ್ತಾರೆ. ಪ್ರತಿ ದೇಹದ ಛಾಯಾಚಿತ್ರ, ಬಟ್ಟೆ, ಒಡವೆ, ಗುರುತಿನ ಚಿಹ್ನೆ ಮತ್ತು ಸಿಕ್ಕ ಸ್ಥಳವನ್ನು ಸಂಖ್ಯೆ ಕೊಟ್ಟು ದಾಖಲಿಸಬೇಕು. ದೇಹ ನೋಡಬಯಸುವ ಬಂಧುಗಳಿಗೆ ಅವಕಾಶ ಕೊಡಬೇಕು, ಬೇಡವೆನ್ನುವವರನ್ನು ಒತ್ತಾಯಿಸಬಾರದು, ಒಳಗೆ ಏನು ಕಾಣಲಿದೆ ಎಂಬುದನ್ನು ಮುಂಚೆಯೇ ಸರಳವಾಗಿ ತಿಳಿಸಿ ಒಬ್ಬರನ್ನು ಜೊತೆಗೆ ಕಳುಹಿಸಬೇಕು.

ಮೂರನೆಯ ಹಂತ: ಮೊದಲ ವಾರಗಳು

ಶಿಬಿರದ ಮೂರನೆಯ ರಾತ್ರಿ ಎಂದಿಟ್ಟುಕೊಳ್ಳೋಣ. ನಡುವಯಸ್ಸಿನ ಒಬ್ಬಾತ ಬೆವರುತ್ತಾ, ಕೈ ನಡುಗಿಸುತ್ತಾ, ಹೊದಿಕೆಯ ಮೇಲಿಂದ ಕಾಣದ ಹುಳುಗಳನ್ನು ಹೆಕ್ಕಿ ಎಸೆಯುತ್ತಿದ್ದಾನೆ. ಮನೆ ಕಳೆದುಕೊಂಡು ತಲೆ ಕೆಟ್ಟಿದೆ ಎಂದು ಸುತ್ತಲಿನವರು ಹೇಳುತ್ತಾರೆ. ಸ್ವಯಂಸೇವಕರು ಆಪ್ತಸಮಾಲೋಚಕರನ್ನು ಕರೆತರುತ್ತಾರೆ. ಆತನಿಗೆ ಬೇಕಾದದ್ದು ಸಮಾಲೋಚನೆಯಲ್ಲ. ದಿನವೂ ಕುಡಿಯುತ್ತಿದ್ದವರಿಗೆ ಮದ್ಯ ಒಮ್ಮೆಗೇ ತಪ್ಪಿದಾಗ ಕೆಲವೇ ಗಂಟೆಗಳಲ್ಲಿ ನಡುಕ ಆರಂಭವಾಗಿ, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಹಿಡಿಯಬಹುದು. ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣಕ್ಕೇ ಎರವಾಗಬಲ್ಲದು. ಮೇಲೆ ಯಾರಿಗೂ ಹಂಚಬೇಡಿ ಎಂದ ಅದೇ ಡಯಾಜೆಪಾಮ್ ಇಲ್ಲಿ ಜೀವರಕ್ಷಕ. ಗ್ಲೂಕೋಸ್ ಏರಿಸುವ ಮುಂಚೆ ಥಯಾಮಿನ್ ಕೊಡಬೇಕು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಶಿಬಿರಕ್ಕೆ ಸೇರಿಸಿಕೊಳ್ಳುವಾಗಲೇ ‘ದಿನವೂ ಕುಡಿಯುವ ಅಭ್ಯಾಸವಿತ್ತೇ, ಕೊನೆಯ ಸಲ ಯಾವಾಗ?’ ಎಂದು ಖಾಸಗಿಯಾಗಿ, ತೀರ್ಪಿನ ಧ್ವನಿಯಿಲ್ಲದೆ ಕೇಳಿದ್ದರೆ ಇಷ್ಟರವರೆಗೆ ಬರುತ್ತಲೇ ಇರಲಿಲ್ಲ.

ಸನ್ನಿಗೆ ಬೇರೆ ಕಾರಣಗಳೂ ಇವೆ: ಸೋಂಕು, ತಲೆಯ ಪೆಟ್ಟು, ನಿರ್ಜಲೀಕರಣ, ರಕ್ತದ ಸೋಡಿಯಂ ಇಳಿಕೆ, ವಿಷಾನಿಲ. ಸಂಶಯ ಬಂದಾಗ ಇದು ಯಾವ ಜಾಗ, ಯಾವ ಹೊತ್ತು ಎಂದು ಕೇಳಿ, ವಾರದ ದಿನಗಳನ್ನು ಹಿಂದಿನಿಂದ ಹೇಳಿಸಬೇಕು. ದುಃಖದಲ್ಲಿರುವವರು ನಿಧಾನವಾಗಿಯಾದರೂ ಸಾಮಾನ್ಯವಾಗಿ ಸರಿಯಾಗಿ ಹೇಳುತ್ತಾರೆ. ಸನ್ನಿಯಲ್ಲಿರುವವರು ನಡುವೆ ಎಳೆ ಕಳೆದುಕೊಳ್ಳುತ್ತಾರೆ, ಗಂಟೆಗೊಂದು ರೀತಿ ಇರುತ್ತಾರೆ, ರಾತ್ರಿ ಹೆಚ್ಚು ಕೆಡುತ್ತಾರೆ.

ವಿಷಾನಿಲ, ವಿಕಿರಣ, ಸಾಂಕ್ರಾಮಿಕ ರೋಗಗಳಂಥ ಕಣ್ಣಿಗೆ ಕಾಣದ ಅಪಾಯವಿದ್ದಾಗ ಬೇರೊಂದು ಸಮಸ್ಯೆ ಎದುರಾಗುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಕೈಬಿಟ್ಟ ಚಿಕಿತ್ಸಾ ಯಂತ್ರವೊಂದರಿಂದ ವಿಕಿರಣಶೀಲ ಸೀಸಿಯಂ ಹೊರಬಿದ್ದಾಗ ಸುಮಾರು 1,12,000 ಜನರನ್ನು ಪರೀಕ್ಷಿಸಬೇಕಾಯಿತು. ವಿಕಿರಣ ವಸ್ತು ತಗುಲಿದ್ದು 249 ಜನರಿಗೆ. ಭಯದಿಂದ ಬಂದವರ ತಲೆಸುತ್ತು, ವಾಂತಿ ನಟನೆಯಲ್ಲ, ಅವರನ್ನು ಗದರಿಸಿ ಕಳುಹಿಸಿದರೆ ವದಂತಿ ಇಮ್ಮಡಿಸುತ್ತದೆ. ತುರ್ತು ವಿಭಾಗದಿಂದ ಸ್ವಲ್ಪ ದೂರದಲ್ಲಿ ಅವರಿಗಾಗಿ ಬೇರೆ ಸಾಲು ಮಾಡಿ, ದೇಹವನ್ನು ನಿಜವಾಗಿಯೂ ಪರೀಕ್ಷಿಸಿ, ಫಲಿತಾಂಶವನ್ನು ಚೀಟಿಯಲ್ಲಿ ಬರೆದುಕೊಟ್ಟು, ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕೆಂದು ಹೇಳಿ ಕಳುಹಿಸಬೇಕು.

ಮಕ್ಕಳ ಬಗ್ಗೆ ಹೇಳಬೇಕಾದದ್ದು ಚಿಕ್ಕದು. ಅವರನ್ನು ಮನೆಯವರಿಂದ ಬೇರ್ಪಡಿಸಬೇಡಿ, ಸತ್ತವರ ವಿಷಯದಲ್ಲಿ ಸುಳ್ಳು ಹೇಳಬೇಡಿ, ಡೇರೆಯಲ್ಲಾದರೂ ಸರಿ ಶಾಲೆಯನ್ನು ಬೇಗ ತೆರೆಯಿರಿ.

ನಾಲ್ಕನೆಯ ಹಂತ: ತಿಂಗಳು ಕಳೆದ ಮೇಲೆ

ರೋಗನಿರ್ಣಯದ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿ. ಆಘಾತೋತ್ತರ ಒತ್ತಡದ ಕಾಯಿಲೆಯೆಂಬ ಹೆಸರನ್ನು ಒಂದು ತಿಂಗಳಿಗೆ ಮುಂಚೆ ಯಾರ ಮೇಲೂ ಅಂಟಿಸಬಾರದು. ಲಕ್ಷಣಗಳು ಇಳಿಯದೆ, ದಿನದ ಕೆಲಸಗಳು ನಿಂತುಹೋಗಿದ್ದರೆ, ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಮಾತಿನ ಚಿಕಿತ್ಸೆ ಮೊದಲ ಆಯ್ಕೆ. ಜೊತೆಗೆ ಖಿನ್ನತೆ ಇದ್ದರೆ ಔಷಧಿ. ಎಲ್ಲ ನೋವೂ ಆಘಾತೋತ್ತರ ಕಾಯಿಲೆಯಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಖಿನ್ನತೆ, ಆತಂಕ, ಹೆಚ್ಚಿದ ಕುಡಿತ ಮತ್ತು ಕಾರಣ ಸಿಗದ ಮೈಕೈನೋವು ಆ ಒಂದು ಹೆಸರಿನ ಪ್ರಚಾರದಲ್ಲಿ ಮುಚ್ಚಿಹೋಗುತ್ತವೆ. ತಜ್ಞರಿಲ್ಲದ ಕಡೆ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಐದು ವಾರಗಳಲ್ಲಿ ಐದು ಬೈಠಕ್ಕುಗಳಾಗಿ ನಡೆಸಬಹುದಾದ ‘ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್’ ಎಂಬ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದೆ.

ಶೋಕದ ಅಧ್ಯಯನವೇ ಒಂದು ದುರಂತದಿಂದ ಬಲ ಪಡೆಯಿತು. 1942ರಲ್ಲಿ ಬಾಸ್ಟನ್ನಿನ ಕೋಕೊನಟ್ ಗ್ರೋವ್ ನೈಟ್‌ಕ್ಲಬ್ಬಿನ ಬೆಂಕಿಯಲ್ಲಿ 492 ಜನ ಸತ್ತ ಬಳಿಕ ಮನೋವೈದ್ಯ ಎರಿಕ್ ಲಿಂಡೆಮನ್, ಬದುಕುಳಿದವರು ಮತ್ತು ಬಂಧುಗಳನ್ನು ಕಂಡು ತೀವ್ರ ಶೋಕದ ಲಕ್ಷಣಗಳನ್ನು 1944ರಲ್ಲಿ ವಿವರಿಸಿದರು. ಇಂದು ದೀರ್ಘಕಾಲದ ಶೋಕವನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಲಾಗುತ್ತದೆ, ಆದರೆ ಕನಿಷ್ಠ ಆರು ತಿಂಗಳು ಕಳೆದಿರಬೇಕು, ಆ ಸಮುದಾಯದ ರೂಢಿಯ ಶೋಕವನ್ನು ಮೀರಿರಬೇಕು. ದೇಹ ಸಿಗದವರ ಮನೆಯವರಿಗೆ ‘ಒಪ್ಪಿಕೊಳ್ಳಿ’ ಎಂದು ಬುದ್ಧಿ ಹೇಳುವ ಬದಲು, ಮರಣಪತ್ರ ಸಿಗಲು ಬೇಕಾದ ಕಾಗದಗಳಲ್ಲಿ ನೆರವಾಗುವುದು ಹೆಚ್ಚು ಉಪಕಾರ.

ವಸತಿಯ ಹಂಚಿಕೆಯೂ ಮಾನಸಿಕ ಆರೋಗ್ಯದ ನಿರ್ಧಾರವೇ. 1995ರಲ್ಲಿ ಜಪಾನಿನ ಕೋಬೆ ನಗರದ ಭೂಕಂಪದ ಬಳಿಕ ಚೀಟಿ ಎತ್ತಿ ತಾತ್ಕಾಲಿಕ ಮನೆಗಳನ್ನು ಹಂಚಿದ್ದರಿಂದ ನೆರೆಹೊರೆಗಳು ಚದುರಿಹೋಗಿ, ಎಷ್ಟೋ ವೃದ್ಧರು ಯಾರಿಗೂ ತಿಳಿಯದಂತೆ ಒಂಟಿಯಾಗಿ ಸತ್ತರು. ಒಂದು ಬೀದಿಯವರನ್ನು ಒಂದೇ ಸಾಲಿನಲ್ಲಿ ಉಳಿಸಿ ಎಂದು ಪಟ್ಟಿ ತಯಾರಾಗುವ ಮುಂಚೆ ಹೇಳಬೇಕು. ಮನೆಗಳಿಗೆ ಬೀಗದ ಕೈ ಕೊಟ್ಟ ಮೇಲೆ ಆ ಸಲಹೆಗೆ ಬೆಲೆಯಿಲ್ಲ.

ರಕ್ಷಣಾ ಕಾರ್ಯಕರ್ತರ ಪಾಲು

ಮಣ್ಣು ಅಗೆದು ದೇಹ ತೆಗೆಯುವವರು, ಶವಾಗಾರದ ಸಿಬ್ಬಂದಿ, ದಾದಿಯರು ತಮಗೇನೂ ಆಗಿಲ್ಲ ಎನ್ನುತ್ತಲೇ ಇರುತ್ತಾರೆ. ಅವರಿಗೆ ಉಪನ್ಯಾಸ ಬೇಡ. ಪಾಳಿಯ ಅವಧಿಗೆ ಮಿತಿ, ಮಲಗಲು ಸದ್ದಿಲ್ಲದ ಜಾಗ, ಹೊಸಬರ ಜೊತೆ ಅನುಭವಿಯೊಬ್ಬರು, ಮಕ್ಕಳ ದೇಹಗಳನ್ನು ನಿರ್ವಹಿಸುವ ಕೆಲಸದಲ್ಲಿ ಸರದಿ ಬದಲಾವಣೆ, ಇವನ್ನು ತಂಡದ ಮುಖ್ಯಸ್ಥರಿಂದ ಆದೇಶವಾಗಿಯೇ ಹೊರಡಿಸಬೇಕು. ಒಂದರಿಂದ ಮೂರು ತಿಂಗಳ ನಡುವೆ ಪ್ರತಿಯೊಬ್ಬರನ್ನೂ ಮಾತನಾಡಿಸಿ, ನಿದ್ರೆ ಮತ್ತು ಕುಡಿತ ಹೇಗಿದೆ ಎಂದು ವಿಚಾರಿಸಬೇಕು.

ಕೊನೆಯ ಹಂತ: ಹೊರಡುವ ಮುಂಚೆ

ದುರಂತದ ಬಳಿಕ ಹಣ ಮತ್ತು ಗಮನ ಎರಡೂ ಹರಿದುಬರುವ ಅವಧಿ ಚಿಕ್ಕದು. ಇಂಡೋನೇಷ್ಯಾದ ಅಚೆ (Aceh) ಎಂಬ ಪ್ರಾಂತ್ಯದಲ್ಲಿ 2004ರ ಸುನಾಮಿಗೆ ಮುಂಚೆ ಮಾನಸಿಕ ಆರೋಗ್ಯ ಸೇವೆ ಎಂದರೆ ಒಂದು ಮನೋರೋಗ ಆಸ್ಪತ್ರೆ ಮಾತ್ರ. ಬಂದ ನೆರವನ್ನು ಅಲ್ಲಿ ಸಮುದಾಯದ ದಾದಿಯರು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ತರಬೇತಿಗೂ ಬಳಸಿದ್ದರಿಂದ, ಆ ಸೇವೆ ನೆರವಿನ ತಂಡಗಳು ಮರಳಿದ ಮೇಲೂ ಉಳಿಯಿತು. ಹಾಗಾಗಿ ದಾನಿಗಳು ಏನು ಬೇಕೆಂದು ಕೇಳಿದಾಗ ಇನ್ನೊಂದು ಶಿಬಿರ ಕೇಳಬೇಡಿ. ಒಂದು ಕಾಯಂ ಹುದ್ದೆ, ಒಂದು ವರ್ಷದ ಔಷಧಿ, ಒಂದು ತರಬೇತಿಯ ತಂಡ ಕೇಳಿ.

ಶಿಬಿರ ಮುಚ್ಚುವ ವಾರ ಒಂದು ರಿಜಿಸ್ಟರು ತಯಾರಾಗಲಿ. ಚಿಕಿತ್ಸೆಯಲ್ಲಿರುವ ಪ್ರತಿಯೊಬ್ಬರ ಹೆಸರು, ಔಷಧಿ, ಪ್ರಮಾಣ, ಮುಗಿಯುವ ದಿನಾಂಕ, ಜೊತೆಯಲ್ಲಿರುವ ಬಂಧುವಿನ ದೂರವಾಣಿ, ಮುಂದಿನ ಭೇಟಿ ಎಲ್ಲಿ ಎಂಬುದು ಅದರಲ್ಲಿರಬೇಕು. ಅದನ್ನು ಮುಚ್ಚಿದ ಲಕೋಟೆಯಲ್ಲಿ ಕಳುಹಿಸದೆ, ಮುಂದೆ ರೋಗಿಗಳನ್ನು ನೋಡಲಿರುವ ವೈದ್ಯರ ಎದುರು ಕುಳಿತು ಒಂದೊಂದು ಹೆಸರನ್ನೂ ಓದಿ ಒಪ್ಪಿಸಬೇಕು. ಪ್ರತಿ ರೋಗಿಯ ಕೈಗೂ ಅದೇ ವಿವರವಿರುವ ಚೀಟಿ ಮತ್ತು ಒಂದು ತಿಂಗಳ ಮಾತ್ರೆ ತಲುಪಿರಬೇಕು. ಆತ್ಮಹತ್ಯೆಯ ಯೋಚನೆ ಹೇಳಿಕೊಂಡವರಿಗೆ ಮಾತ್ರ ಅಷ್ಟನ್ನೂ ಒಟ್ಟಿಗೆ ಕೊಡದೆ, ವಾರಕ್ಕಾಗುವಷ್ಟನ್ನು ಮನೆಯವರ ಕೈಗೆ ಕೊಡಬೇಕು.